ಹೊನ್ನಾವರ ಕೇಳಿಸದ ಇಪ್ಪತ್ತಮೂರು ಬೆಳಗು

ನಮ್ಮ ಮಿಸ್ಸಿನ ತಲೆಯಲ್ಲಿ ಎರಡು ಬೈತಲೆಗಳಿದ್ದವು. ಒಂದು ಎಲ್ಲರಿಗೂ ಇರುವಂತೆ ಹಣೆಯಿಂದ ಹಿಂದಕ್ಕೆ. ಇನ್ನೊಂದು ಅಡ್ಡಲಾಗಿ, ಈ ಕಿವಿಯಿಂದ ಆ ಕಿವಿಗೆ. ಮೂವತ್ತು ವರ್ಷ ಹೆಡ್‌ಫೋನಿನ ಪಟ್ಟಿ ಕೂತು ಕೂತು ಮಾಡಿದ ಗೆರೆ ಅದು. ಎಣ್ಣೆ ಹಚ್ಚಿ ಎಷ್ಟು ಬಾಚಿದರೂ ಮಧ್ಯಾಹ್ನದ ಹೊತ್ತಿಗೆ ಮತ್ತೆ ಎದ್ದು ಕಾಣುತ್ತಿತ್ತು. ಹಳೇಬೀಡಿನ ಹೈಸ್ಕೂಲಿನಲ್ಲಿ ಅವರು ನಮಗೆ ವಿಜ್ಞಾನ ಕಲಿಸುತ್ತಿದ್ದಾಗ ಹಿಂದಿನ ಬೆಂಚಿನವರು ಅವರಿಗೆ "ಪ್ಲಸ್ ಮಿಸ್" ಎಂದು ಹೆಸರಿಟ್ಟಿದ್ದರು. ಅದು ಅವರಿಗೆ ಗೊತ್ತಿತ್ತು. ಒಂದು ದಿನ ಬೋರ್ಡಿನ ಮೇಲೆ ದೊಡ್ಡದಾಗಿ ಕೂಡುವ ಚಿಹ್ನೆ ಬರೆದು, "ಇದು ನಾನು. ಈ ಕಡೆ ಆರು, ಆ ಕಡೆ ಏಳು. ಹೆಸರಿಟ್ಟೋರು ಎದ್ದು ಉತ್ತರ ಹೇಳ್ರಪ್ಪ" ಅಂದರು.

ಮಿಸ್ ಹವ್ಯಾಸಿ ರೇಡಿಯೋದವರು. ಅಂದರೆ, ಸರ್ಕಾರದ ಪರೀಕ್ಷೆ ಬರೆದು, ಪರವಾನಗಿ ಪಡೆದು, ಮನೆಯಲ್ಲೇ ಕೂತು ತಮ್ಮ ರೇಡಿಯೋದಿಂದ ಊರೂರಿನವರೊಂದಿಗೆ ಮಾತಾಡುವವರು. ಬಸ್ತಿಹಳ್ಳಿಗೆ ಹೋಗುವ ದಾರಿಯಲ್ಲಿ ಅವರ ಹೆಂಚಿನ ಮನೆ. ಹಿತ್ತಲಿನ ಎರಡು ತೆಂಗಿನಮರಗಳ ನಡುವೆ ಒಂದು ತಾಮ್ರದ ತಂತಿ, ಅದೇ ಆಂಟೆನಾ. ತಂತಿಯನ್ನು ಅರಸೀಕೆರೆಯ ಮೋಟಾರು ವೈಂಡಿಂಗ್ ಅಂಗಡಿಯಿಂದ ತರುತ್ತಿದ್ದರು. ಅಳೆಯುವುದು ಸೀರೆಯಲ್ಲಿ. "ಎರಡು ಸೀರೆ ಉದ್ದಕ್ಕೆ ಒಂದು ಗಜ ಕಡಿಮೆ. ಈ ಕಡೆ ಅಷ್ಟು, ಆ ಕಡೆ ಅಷ್ಟು. ಟೇಪು ಹುಡುಕ್ತಾ ಕೂತ್ರೆ ಬೆಳಗಾಗುತ್ತೆ" ಅನ್ನುತ್ತಿದ್ದರು. ನಾನು ಒಮ್ಮೆ ಟೇಪು ಹಿಡಿದು ಅಳೆದೆ. ನಾಲ್ಕು ಬೆರಳಿನಷ್ಟೂ ವ್ಯತ್ಯಾಸವಿರಲಿಲ್ಲ.

ಗಾಳಿಗೆ ಮರ ತೂಗಿದರೆ ತಂತಿ ಹರಿಯುತ್ತದೆ. ಅದಕ್ಕಾಗಿ ಒಂದು ಮರಕ್ಕೆ ರಾಟೆ ಕಟ್ಟಿ, ಹಗ್ಗದ ತುದಿಗೆ ಮರಳು ತುಂಬಿದ ಬಾಟಲಿ ತೂಗಿಬಿಟ್ಟಿದ್ದರು. ಮರ ಅತ್ತ ವಾಲಿದರೆ ಬಾಟಲಿ ಮೇಲೆ, ಇತ್ತ ವಾಲಿದರೆ ಕೆಳಗೆ. ತೆಂಗಿನಕಾಯಿ ಕೀಳಲು ಬರುವವನಿಗೆ ಈ ಬಾಟಲಿ ಕಂಡರೆ ಆಗುತ್ತಿರಲಿಲ್ಲ.

"ಮಿಸ್ಸಮ್ಮಾರೇ, ಈ ಮರಕ್ ಹತ್ತಾಕ್ ನಂಗ್ ಭಯ ಕಣ್ರೀ. ತಂತೀಲಿ ಕರೆಂಟ್ ಐತೋ ಏನೋ."

"ಕರೆಂಟ್ ಇಲ್ಲ ಕಣಯ್ಯ, ಬರೀ ಮಾತು ಐತೆ. ಹತ್ತು."

"ಮಾತೇ ಜಾಸ್ತಿ ಭಯ. ನನ್ ಹೆಂಡ್ರುನ್ ಕೇಳಿ."

ನಾನು ಒಂಬತ್ತನೇ ತರಗತಿಯಿಂದ ದಿನಚರಿ ಬರೆಯುತ್ತೇನೆ. ಎಷ್ಟು ಗಂಟೆಗೆ ಎದ್ದೆ, ಯಾವ ಬಸ್ಸು ಎಷ್ಟು ತಡವಾಗಿ ಬಂತು, ಕೆರೆಯಲ್ಲಿ ನೀರು ಯಾವ ಕಲ್ಲಿನವರೆಗಿದೆ, ಇಂಥವೆಲ್ಲ ದಿನಾಂಕ ಹಾಕಿ ಬರೆಯುವುದು ನನ್ನ ಅಭ್ಯಾಸ. ಓದು ಮುಗಿಸಿ ಬೇಲೂರಿನ ಒಂದು ರಕ್ತಪರೀಕ್ಷೆಯ ಲ್ಯಾಬಿಗೆ ಸೇರಿದ ವರ್ಷ, ನಿವೃತ್ತರಾಗಿದ್ದ ಮಿಸ್ ಸಂತೆಯಲ್ಲಿ ಸಿಕ್ಕರು. ಕೈಯಲ್ಲಿದ್ದ ನನ್ನ ಪುಸ್ತಕ ತೆಗೆದುಕೊಂಡು ಎರಡು ಪುಟ ತಿರುವಿದರು.

"ಏನೇ ಇದು, ಬಸ್ಸಿನ ಜಾತಕ ಬರೀತಿದೀಯಾ? ನಿನ್ನಂಥೋಳು ನನಗೆ ಬೇಕಾಗಿದ್ಲು. ನಾಳೆ ಬೆಳಿಗ್ಗೆ ಬಾ."

ಹಾಗೆ ಶುರುವಾಯಿತು. ಬೇಲೂರಿನ ನನ್ನ ಬಸ್ಸು ಏಳೂ ಮುಕ್ಕಾಲಿಗೆ. ಅದಕ್ಕೆ ಮೊದಲು, ಏಳರಿಂದ ಏಳೂವರೆಯವರೆಗೆ, ಮಿಸ್ಸಿನ ಮನೆ. ಅವರು ಕೇಳುತ್ತಿದ್ದರು, ಒತ್ತುತ್ತಿದ್ದರು; ನಾನು ಕಲಿಯುತ್ತ ಲಾಗ್ ಪುಸ್ತಕ, ಎಂದರೆ ಬಂದುಹೋದ ಮಾತುಗಳ ದಾಖಲೆ, ಬರೆಯುತ್ತಿದ್ದೆ. ಒತ್ತುವುದು ಎಂದರೆ ಮೋರ್ಸ್. ಹಿತ್ತಾಳೆಯ ಸಣ್ಣ ಕೀಲಿಯನ್ನು ಬೆರಳಿನಿಂದ ಒತ್ತಿ, ಗಿಡ್ಡ ಸದ್ದು ಉದ್ದ ಸದ್ದುಗಳಲ್ಲಿ ಅಕ್ಷರ ಕಳಿಸುವುದು. ಅವರು ಹೇಳಿದ ಕಟ್ಟಳೆಗಳನ್ನೆಲ್ಲ ನಾನು ದಿನಚರಿಯ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದೇನೆ, ಒಟ್ಟು ಹನ್ನೊಂದು. ಮೊದಲನೆಯದು: "ಮೊದಲು ಎರಡು ನಿಮಿಷ ಕೇಳು, ಆಮೇಲೆ ಒತ್ತು." ನಾಲ್ಕನೆಯದು: "ಬ್ಯಾಟರಿಗೆ ರೇಡಿಯೋ ಬಿಟ್ಟು ಇನ್ನೇನೂ ಕಟ್ಟಕೂಡದು." ಎರಡೂ ನನ್ನದೇ ಕೈಬರಹದಲ್ಲಿವೆ.

ಪ್ರತಿದಿನ ಏಳು ಗಂಟೆಗೆ ಬರುತ್ತಿದ್ದವರು ಹೊನ್ನಾವರದವರು. ಅವರೂ ಮಿಸ್ಸಿನ ವಯಸ್ಸಿನ ಹೆಂಗಸು, ನರ್ಸ್ ಆಗಿದ್ದವರು, ಅಣ್ಣನ ಮಗನ ಮನೆಯಲ್ಲಿದ್ದರು. ಮಿಸ್ ಅವರನ್ನು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. "ಹೊನ್ನಾವರ ಬಂತು ನೋಡೇ." "ಹೊನ್ನಾವರಕ್ಕೆ ಇವತ್ತು ಕೋಪ." ಇಪ್ಪತ್ತೆಂಟು ವರ್ಷ ದಿನಾ ಮಾತಾಡಿದ ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಫೋಟೋ ಕಳಿಸಿ ಎಂದು ಯಾರೂ ಕೇಳಿರಲಿಲ್ಲ. ಮೊದಲೆಲ್ಲ ಮೈಕಿನಲ್ಲಿ ಮಾತಾಡುತ್ತಿದ್ದರಂತೆ. ಎರಡು ವರ್ಷದ ಹಿಂದೆ ಹೊನ್ನಾವರದವರಿಗೆ ಗಂಟಲಿನ ಆಪರೇಷನ್ ಆಗಿ ದನಿ ಹೋಯಿತು. ಕಣ್ಣೂ ಮಂದವಾಗಿತ್ತು, ಮೊಬೈಲಿನ ಅಕ್ಷರ ಕಾಣುತ್ತಿರಲಿಲ್ಲ. ಉಳಿದದ್ದು ಕೈ ಒಂದೇ. ಇಬ್ಬರೂ ಮೋರ್ಸಿಗೆ ಬಂದರು, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ.

ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ತಿಂಡಿ ಏನು? ಮಿಸ್ ಉಪ್ಪಿಟ್ಟು ಅಂತ ಒತ್ತಿದರೆ ಅಲ್ಲಿಂದ ಒಂದು ಉದ್ದನೆಯ ನಿಟ್ಟುಸಿರಿನಂಥ ಸದ್ದು ಬರುತ್ತಿತ್ತು. "ನಿನ್ನೆನೂ ಉಪ್ಪಿಟ್ಟು ಅಂತ ಬೈತಿದಾಳೆ" ಎಂದು ಮಿಸ್ ನಗುತ್ತಿದ್ದರು. ಒಮ್ಮೆ ನಾನು, "ಅದು ಅವರೇ ಅಂತ ಹೇಗೆ ಗೊತ್ತಾಗುತ್ತೆ ಮಿಸ್?" ಅಂತ ಕೇಳಿದೆ. "ನಿಮ್ಮಮ್ಮ ಬಾಗಿಲು ತಟ್ಟಿದ್ರೆ ನಿನಗೆ ಗೊತ್ತಾಗಲ್ವಾ? ಇವಳು ಉದ್ದ ಸದ್ದನ್ನ ಸ್ವಲ್ಪ ಎಳೀತಾಳೆ, ಕೊಡ ಇಳಿಸೋರ ಹಾಗೆ" ಅಂದರು. ಆಮೇಲೆ ಒಂದು ತಿಂಗಳಲ್ಲಿ ನನಗೂ ಗೊತ್ತಾಗತೊಡಗಿತು.

ಹೊನ್ನಾವರದ ಆಂಟೆನಾ ಒಂದು ಮಳೆಗಾಲದಲ್ಲಿ ಬಿತ್ತು. ಹತ್ತಿ ಕಟ್ಟುವವರಿಲ್ಲದೆ, ತಂತಿಯನ್ನು ಕಿಟಕಿಯಿಂದ ಬಾವಿಕಟ್ಟೆಗೆ ಎಳೆದು ಕಟ್ಟಿಕೊಂಡರು. ಅಲ್ಲಿಂದ ಬರುವ ಸದ್ದು ಕ್ಷೀಣವಾಯಿತು. ರೇಡಿಯೋದಲ್ಲಿ ಒಂದು ಮುಳ್ಳು ಇರುತ್ತದೆ, ಬರುವ ಸದ್ದಿನ ಜೋರು ತೋರಿಸಲು. ಮಿಸ್ಸಿನ ಹಿತ್ತಲಿನಲ್ಲಿ ಯಾರೂ ಒತ್ತದಾಗ ಅದು ಎರಡು ತೋರಿಸಿದರೆ ಹೊನ್ನಾವರ ಬಂದಾಗ ನಾಲ್ಕು. ಅಷ್ಟೇ ಅಂತರ. ಮಿಸ್ಸಿಗೆ ಅಷ್ಟು ಸಾಕಿತ್ತು.

ಈಗ ಜನವರಿಯ ಆ ಗುರುವಾರಕ್ಕೆ ಬರಬೇಕು.

ಆಗ ನಾನು ಲಾಗ್ ಪುಸ್ತಕದ ಪುಟಗಳ ಫೋಟೋ ತೆಗೆದು ಮೊಬೈಲಿನಲ್ಲಿ ಪಟ್ಟಿ ಮಾಡತೊಡಗಿದ್ದೆ. ಬೆಳಗಿನ ಹೊತ್ತು ಕರೆಂಟು ಕೈಕೊಡುತ್ತಿತ್ತು. ಬೇಲೂರು ಮುಟ್ಟುವಷ್ಟರಲ್ಲಿ ಮೊಬೈಲು ಸತ್ತಿರುತ್ತಿತ್ತು. ಬೇಲೂರು ಬಸ್ ನಿಲ್ದಾಣದ ಎದುರು ಗಾಡಿಯ ಬ್ಯಾಟರಿಯಿಂದ ಮೊಬೈಲು ಚಾರ್ಜ್ ಮಾಡುವ ಒಂದು ಸಣ್ಣ ಚಾರ್ಜರ್ ಸಿಕ್ಕಿತು. ಗುರುವಾರ ಸಂಜೆ ಮಿಸ್ ದೇವರಿಗೆ ಹೂ ಕಟ್ಟುತ್ತ ಹೊರಗೆ ಕೂತಿದ್ದಾಗ, ಮೇಜಿನ ಕೆಳಗೆ ನುಗ್ಗಿ, ರೇಡಿಯೋದ ಬ್ಯಾಟರಿಗೆ ಹಿಂಭಾಗದಿಂದ ಅದರ ಎರಡು ತಂತಿ ಸುತ್ತಿದೆ. ಕೇಳಿದ್ದರೆ ಬೇಡ ಅನ್ನುತ್ತಿದ್ದರು. ಅದಕ್ಕೇ ಕೇಳಲಿಲ್ಲ. ಇಷ್ಟು ಚಿಕ್ಕದು ಬ್ಯಾಟರಿಯನ್ನು ಎಷ್ಟು ತಿಂದೀತು ಅಂದುಕೊಂಡೆ. ಆ ಕಟ್ಟಳೆ ಬ್ಯಾಟರಿ ಖಾಲಿಯಾಗುವುದರ ಬಗ್ಗೆ ಎಂದೇ ನಾನು ತಿಳಿದಿದ್ದೆ.

ಶುಕ್ರವಾರ ಬೆಳಿಗ್ಗೆ ರೇಡಿಯೋ ಹಾಕಿದರೆ ಗುಂಯ್ ಎಂಬ ಗದ್ದಲ, ಹಿಟ್ಟಿನ ಗಿರಣಿಯ ಒಳಗೆ ತಲೆ ಇಟ್ಟಂತೆ. ಮುಳ್ಳು ಎಂಟರಲ್ಲಿ ನಿಂತಿತ್ತು. ಹೊನ್ನಾವರ ಅದರ ಅಡಿಯಲ್ಲಿ ಎಲ್ಲೋ ಹೂತುಹೋಗಿತ್ತು.

ಮಿಸ್ ಮಾಡಬೇಕಾದ್ದನ್ನೆಲ್ಲ ಮಾಡಿದರು. ಮನೆಯ ಮೇನ್ ಸ್ವಿಚ್ ಆರಿಸಿದರು. ರೇಡಿಯೋ ಬ್ಯಾಟರಿಯ ಮೇಲೆ ನಡೆಯುತ್ತಿತ್ತು, ಗದ್ದಲ ಹಾಗೇ ಇತ್ತು. ಆಂಟೆನಾದ ಕೇಬಲ್ ಕಿತ್ತರು, ಗದ್ದಲ ನಿಂತಿತು. "ನಮ್ಮ ಮನೇದಲ್ಲ. ಹೊರಗಿಂದ ಬರ್ತಿದೆ" ಅಂದರು. ಹೊರಗೆ ಏನು ಹೊಸದು ಎಂದು ನೋಡಿದರೆ, ಆ ಬುಧವಾರವಷ್ಟೇ ಪಕ್ಕದ ಹೋಂಸ್ಟೇಯವರು ತಾರಸಿಯ ಮೇಲೆ ಸೋಲಾರ್ ಹಲಗೆಗಳನ್ನು ಹಾಕಿಸಿದ್ದರು. ಮಿಸ್ ಕೈಯಲ್ಲಿ ಹಿಡಿಯುವ ಟ್ರಾನ್ಸಿಸ್ಟರ್ ತೆಗೆದುಕೊಂಡು ಅವರ ಕಾಂಪೌಂಡಿನ ಉದ್ದಕ್ಕೂ ನಡೆದರು. ಗೋಡೆಯ ಹತ್ತಿರ ಅದು ಕರಕರ ಎಂದಿತು. ಇನ್ನೇನು ಬೇಕು?

ಹೋಂಸ್ಟೇ ಯಜಮಾನರು ಒಳ್ಳೆಯವರು. "ಮಿಸ್ಸೋರೇ, ನಮ್ ಸೋಲಾರು ಸೂರ್ಯನ್ ಬಿಟ್ಟು ಯಾರ್ ತಂಟೆಗೂ ಹೋಗಾಕಿಲ್ಲ ಕಣ್ರೀ" ಎಂದು ನಕ್ಕರು. ಆದರೂ ಒಪ್ಪಿದರು. "ನಾನ್ ಮುಟ್ಟಿದ್ರೆ ಗ್ಯಾರಂಟಿ ಹೋಯ್ತದೆ ಅಂದವ್ರೆ. ಹಾಕ್ದೋನೇ ಬಂದು ಆಫ್ ಮಾಡ್ಲಿ, ಫೋನ್ ಮಾಡ್ತೀನಿ." ಮಾಡಿದರು. ಅವನು ನಾಳೆ ಅಂದ. ಮರುದಿನವೂ ನಾಳೆ ಅಂದ.

ಮೂರನೆಯ ಬೆಳಿಗ್ಗೆ ಮಿಸ್ ಹೊನ್ನಾವರದ ಅಣ್ಣನ ಮಗನಿಗೆ ಫೋನ್ ಮಾಡಿಸಿದರು. ಸ್ಪೀಕರಿನಲ್ಲಿ ಅವನ ದನಿ: "ಅತ್ತೆ ಅಡ್ಡಿಲ್ಲ. ದಿನಾ ಏಳಕ್ಕೆ ಕೂತಿರ್ತಾರೆ. ನಿಮ್ಮದು ಚೆನ್ನಾಗಿ ಕೇಳ್ತದೆ ಅಂತ ಕೈ ಮಾಡಿ ತೋರಿಸ್ತಿದ್ದಾರೆ."

ಆಗ ನಮಗೆ ಪೂರ್ತಿ ಅರ್ಥವಾಯಿತು. ಗದ್ದಲ ಇರುವುದು ನಮ್ಮಲ್ಲಿ. ಅವರಿಗೆ ನಾವು ಕೇಳಿಸುತ್ತೇವೆ. ಅವರು ಉತ್ತರ ಕೊಡುತ್ತಿದ್ದಾರೆ. ನಮಗೆ ಮಾತ್ರ ಕೇಳಿಸುತ್ತಿಲ್ಲ.

ಅಂದಿನಿಂದ ಮಿಸ್ ದಿನಾ ಒಂದೇ ಮಾತು ಒತ್ತುತ್ತಿದ್ದರು: "ಕೇಳಿಸುತ್ತಿಲ್ಲ. ಆದರೂ ಮಾತಾಡು." ಆಮೇಲೆ ಆ ದಿನದ ತಿಂಡಿಯ ಹೆಸರು. ಆಮೇಲೆ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಅದುಮಿಕೊಂಡು, ಕಣ್ಣು ಮುಚ್ಚಿ, ಇಪ್ಪತ್ತು ನಿಮಿಷ ಆ ಗದ್ದಲವನ್ನು ಕೇಳುತ್ತಿದ್ದರು. ಕೆಲವೊಮ್ಮೆ ಒಂದು ಬೆರಳು ಎತ್ತುತ್ತಿದ್ದರು, ಏನೋ ಸಿಕ್ಕಿತೆಂಬಂತೆ. ಬೆರಳು ಹಾಗೇ ಸ್ವಲ್ಪ ಹೊತ್ತು ನಿಂತು ಕೆಳಗಿಳಿಯುತ್ತಿತ್ತು. ಲಾಗ್ ಪುಸ್ತಕದಲ್ಲಿ ಎರಡು ಕಾಲಂಗಳಿದ್ದವು, ಕಳಿಸಿದ್ದು ಮತ್ತು ಬಂದದ್ದು. ಮೊದಲ ಕಾಲಂನಲ್ಲಿ ನಾನು ದಿನಾ ಬರೆಯುತ್ತಿದ್ದೆ. ಎರಡನೆಯದನ್ನು ಖಾಲಿ ಬಿಡುತ್ತಿದ್ದೆ. ಗದ್ದಲಕ್ಕೆಂದೇ ಬೇರೆ ಪುಸ್ತಕ ಮಾಡಿದ್ದೆ: ಬೆಳಿಗ್ಗೆ ಎರಡು ಸಲ, ಸಂಜೆ ಲ್ಯಾಬಿನಿಂದ ಬಂದು ಒಂದು ಸಲ, ಮುಳ್ಳು ಎಷ್ಟರಲ್ಲಿದೆ, ಬಿಸಿಲೆಷ್ಟು, ಕರೆಂಟು ಇದೆಯೋ ಇಲ್ಲವೋ. ಕರೆಂಟು ಹೋದಾಗಲೂ ಎಂಟು, ಬಂದಾಗಲೂ ಎಂಟು. "ಸೋಲಾರಿಗೆ ಅದರದ್ದೇ ಬ್ಯಾಟರಿ ಇದೆಯಲ್ಲ ಮಿಸ್, ಅದಕ್ಕೇ" ಎಂದು ವಿವರಿಸಿದವಳೂ ನಾನೇ. ಆ ಮುಳ್ಳಿನ ಫೋಟೋ ತೆಗೆದು, ಮೊಬೈಲನ್ನು ಮೇಜಿನ ಕೆಳಗಿನ ಚಾರ್ಜರಿಗೆ ಸಿಕ್ಕಿಸಿ, ಬಸ್ಸಿಗೆ ಹೊತ್ತಾದಾಗ ತೆಗೆದುಕೊಂಡು ಹೋಗುತ್ತಿದ್ದೆ.

ಬೇರೆ ದಾರಿ ನೋಡಲಿಲ್ಲವೆಂದಲ್ಲ. ಒಂದು ಭಾನುವಾರ ಅಣ್ಣನ ಮಗ ತನ್ನ ಮೊಬೈಲನ್ನು ಅತ್ತೆಯ ಹೆಡ್‌ಫೋನಿನ ಹತ್ತಿರ ಹಿಡಿದ. ನಮಗೆ ಮೊದಲ ಒಂದು ಸದ್ದು ಬಂತು, ಆಮೇಲೆ ಮೌನ. ಮೊಬೈಲು ಆ ಪೀಪಿಯನ್ನು ಬೇಡದ ಸದ್ದೆಂದು ತಿಳಿದು ಒರೆಸಿಹಾಕುತ್ತಿತ್ತು. ಮತ್ತೆ ಹಿಡಿಯಲು ಹೋದರೆ ಹೊನ್ನಾವರದವರೇ ಅವನ ಕೈ ತಳ್ಳಿದರಂತೆ. "ಹೋಗಿಬಿಡೋಣ್ವಾ ಮಿಸ್, ಹೊನ್ನಾವರಕ್ಕೆ?" ಎಂದೆ. ಮಿಸ್ ಊದಿದ ಮೊಣಕಾಲನ್ನು ಮುಟ್ಟಿ ನೋಡಿಕೊಂಡರು.

"ಇಪ್ಪತ್ತೆಂಟು ವರ್ಷ ಹೋಗದೋಳು ಈಗ ಹೋಗಿ ಬಾಗಿಲಲ್ಲಿ ನಿಂತ್ರೆ, ತನಗೇನೋ ಆಗಿದೆ ಅನ್ಕೊಳ್ತಾಳೆ ಕಣೇ. ಸೋಲಾರಿನೋನು ಬಂದುಹೋಗ್ಲಿ."

ಇನ್ನೊಂದು ದಿನ ಅವರೇ, ರೇಡಿಯೋ ಬ್ಯಾಟರಿ ಎರಡನ್ನೂ ಆಟೋದಲ್ಲಿ ಹಾಕಿಕೊಂಡು ಬಸ್ತಿಹಳ್ಳಿಯಾಚೆ ಹೊಲದಲ್ಲಿ ತಂತಿ ಕಟ್ಟಿ ಕೇಳೋಣ ಅಂದರು. ಆ ಭಾನುವಾರ ನನಗೆ ಲ್ಯಾಬಿನಲ್ಲಿ ಕೆಲಸವಿತ್ತು. ಮುಂದಿನ ಭಾನುವಾರ ಅಂದೆ. ಹೋಗಿದ್ದರೆ ಗದ್ದಲವೂ ನಮ್ಮ ಜೊತೆ ಆಟೋದಲ್ಲಿ ಬರುತ್ತಿತ್ತು, ಮಿಸ್ಸಿಗೆ ಐದು ನಿಮಿಷದಲ್ಲಿ ತಿಳಿಯುತ್ತಿತ್ತು.

ಆ ಮುಂದಿನ ಭಾನುವಾರ, ಗದ್ದಲ ಶುರುವಾಗಿ ಇಪ್ಪತ್ತನಾಲ್ಕನೆಯ ದಿನ, ಮಿಸ್ ಏಳಕ್ಕೆ ಅದೇ ಮಾತು ಒತ್ತಿದರು. ತಿಂಡಿ ಅಕ್ಕಿರೊಟ್ಟಿ ಎಂದರು. ಒಂಬತ್ತು ಗಂಟೆಗೆ ಫೋನ್ ಬಂತು. ಹೊನ್ನಾವರದವರು ಹಿಂದಿನ ಸಂಜೆ ಕೂತಲ್ಲೇ ಹೋಗಿದ್ದರು. ಶನಿವಾರ ಬೆಳಿಗ್ಗೆಯೂ ಕೂತು ಕಳಿಸಿದ್ದರು. ಇಪ್ಪತ್ತಮೂರು ಬೆಳಗು, ಒಂದೂ ತಪ್ಪಿಸಿರಲಿಲ್ಲ.

ಮಿಸ್ ಕೇಳಿದ್ದು ಒಂದೇ. "ಏನಾದ್ರೂ ಬರೆದಿಟ್ಟಿದಾಳೇನಪ್ಪ?"

"ಇಲ್ಲ, ಕಣ್ಣು ಕಾಣದ ಮೇಲೆ ಬರೆಯೋದು ಬಿಟ್ಟಿದ್ರು. ನಮಗೆ ಆ ಕಟಕಟ ಬರೂದಿಲ್ಲ." ಅವನು ಮತ್ತೂ ಹೇಳಿದ, "ದಿನಾ ಕಡೆಗೆ ಎಂತದೋ ಬಡಿದು ಒಬ್ಬರೇ ನಗ್ತಿದ್ರು."

ಸೋಮವಾರ ಸೋಲಾರಿನವನು ಬಂದ. ಹತ್ತು ನಿಮಿಷದಲ್ಲಿ ಎಲ್ಲ ಆರಿಸಿ, ಕಾಂಪೌಂಡಿನ ಮೇಲಿಂದ "ಆಫ್ ಆಯ್ತು ಮೇಡಂ" ಎಂದು ಕೂಗಿದ. ನಾನು ಅರ್ಧ ದಿನ ರಜೆ ಹಾಕಿ ರೇಡಿಯೋದ ಮುಂದೆ ಕೂತಿದ್ದೆ. ಮುಳ್ಳು ಎಂಟರಲ್ಲೇ ಇತ್ತು.

"ಏನಾಯ್ತೇ?"

"ಹಾಗೇ ಇದೆ ಮಿಸ್."

ಮಿಸ್ ಬಾಗಿಲಲ್ಲಿ ನಿಂತು ಯೋಚಿಸಿದರು. "ಹಾಗಾದ್ರೆ ನಮ್ಮಲ್ಲೇ ಇದೆ" ಅಂದರು, ಬಹಳ ಮೆಲ್ಲಗೆ. "ಮೇನ್ ಆರಿಸಿದ್ರೂ ಇದೆ. ಅಂದ್ರೆ ಬ್ಯಾಟರೀಲಿ. ಬ್ಯಾಟರಿಗೆ ರೇಡಿಯೋ ಬಿಟ್ಟು ಏನಿದೆ?"

ಮೇಜಿನ ಕೆಳಗೆ, ಬ್ಯಾಟರಿಯ ಹಿಂದೆ, ಚಾರ್ಜರಿನ ಸಣ್ಣ ನೀಲಿ ದೀಪ ಉರಿಯುತ್ತಿತ್ತು. ಅದು ಎಬ್ಬಿಸಿದ ಗದ್ದಲವನ್ನೇ ಹಿತ್ತಲಿನ ತಂತಿ ಹಿಡಿದು ರೇಡಿಯೋಗೆ ತರುತ್ತಿತ್ತು, ಅದಕ್ಕೇ ಕೇಬಲ್ ಕಿತ್ತಾಗ ನಿಂತದ್ದು. ನಾನು ಬಗ್ಗಿ ಅದನ್ನು ನೋಡಿದೆ. ದಿನಚರಿ ತೆಗೆದು ನೋಡುವ ಅಗತ್ಯವಿರಲಿಲ್ಲ, ಆದರೂ ಕೈ ತಾನೇ ತೆಗೆಯಿತು. ಗುರುವಾರ: ಬ್ಯಾಟರಿಗೆ ಚಾರ್ಜರ್ ಕಟ್ಟಿದೆ, ಇನ್ನು ಮೊಬೈಲಿನ ಚಿಂತೆಯಿಲ್ಲ. ಗದ್ದಲದ ಪುಸ್ತಕದ ಮೊದಲ ಸಾಲು: ಶುಕ್ರವಾರ, ಏಳು ಗಂಟೆ, ಎಂಟು. ಎರಡು ಬೇರೆ ಪುಸ್ತಕಗಳು. ಎರಡನ್ನೂ ಒಟ್ಟಿಗೆ ಬಿಚ್ಚಿ ಒಂದು ಸಲವೂ ನೋಡಿರಲಿಲ್ಲ.

"ನಾನು ಕಟ್ಟಿದ್ದು ಮಿಸ್" ಅಂದೆ.

ಅವರು ಗೋಡೆ ಹಿಡಿದು, ನೋವಿನ ಕಾಲನ್ನು ಚಾಚಿಕೊಂಡು ನೆಲಕ್ಕೆ ಕೂತರು. ಕೈ ನೀಡಿ ಸುತ್ತಿದ ತಂತಿಯನ್ನು ತಾವೇ ಬಿಡಿಸಿದರು. ನೀಲಿ ದೀಪ ಆರಿತು. ಹೆಡ್‌ಫೋನು ಮೇಜಿನ ಮೇಲಿತ್ತು. ಅದರೊಳಗಿನ ಗುಂಯ್ ನಿಂತದ್ದು ನನಗೆ ಕೂತಲ್ಲಿಂದಲೇ ಕೇಳಿಸಿತು. ಮುಳ್ಳು ಎರಡಕ್ಕೆ ಇಳಿಯಿತು. ಮಿಸ್ ಹೆಡ್‌ಫೋನನ್ನು ಎಳೆದುಕೊಂಡು, ತಲೆಯ ಮೇಲಿನ ಆ ಗೆರೆಯಲ್ಲಿ ಕೂರಿಸಿ, ನೆಲದ ಮೇಲಿಂದಲೇ ಕೇಳಿದರು. ಎಷ್ಟು ಹೊತ್ತೆಂದು ನಾನು ಬರೆದುಕೊಂಡಿಲ್ಲ.

"ಎಷ್ಟು ಸ್ವಚ್ಛವಾಗಿ ಕೇಳಿಸ್ತಿದೆ ನೋಡೇ" ಅಂದರು.

ಅವರು ಬಯ್ಯುತ್ತಾರೆ ಎಂದು ಕಾದೆ. ಬೈದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು. ಕೊನೆಗೆ ಅವರು, "ನಾನೂ ನೋಡ್ಲಿಲ್ವಲ್ಲ. ಊರೆಲ್ಲ ಸುತ್ತಿದೆ, ಮೇಜಿನ ಕೆಳಗೆ ಬಗ್ಗಲಿಲ್ಲ. ನೀನು ಇದೀಯಲ್ಲ ಅಂತ" ಅಂದರು. ಆ ಕೊನೆಯ ಮಾತನ್ನು ಅವರು ಚುಚ್ಚಲು ಆಡಲಿಲ್ಲ. ಆಮೇಲೆ ಕೈ ಚಾಚಿದರು, ಎಬ್ಬಿಸು ಎಂದು. "ಚಪ್ಪಲಿ ಹಾಕ್ಕೋ. ಮೊದಲು ಪಕ್ಕದ ಮನೆಗೆ ಹೋಗಿ ತಪ್ಪಾಯ್ತು ಅನ್ಬೇಕು. ಮೂರು ವಾರ ಅವರ ಮೇಲೆ ಹೊರಿಸಿದೀವಿ."

ಹೋಂಸ್ಟೇ ಯಜಮಾನರು ಕಾಫಿ ಕೊಟ್ಟರು. "ಅಯ್ಯೋ ಬಿಡ್ರೀ ಮಿಸ್ಸೋರೇ, ನಾನೇನ್ ಸೂರ್ಯಂಗೆ ಹೇಳಿರ್ಲಿಲ್ಲ" ಅಂದರು. ಮಿಸ್ ನಕ್ಕರು. ನಾನು ಲೋಟ ನೋಡುತ್ತ ಕೂತಿದ್ದೆ.

ಮರುದಿನ ಏಳಕ್ಕೆ ನಾನು ಹೋಗುವುದೋ ಬೇಡವೋ ಎಂದು ಬೀದಿಯಲ್ಲಿ ನಿಂತಿದ್ದಾಗ ಮಿಸ್ ಕಿಟಕಿಯಿಂದ ಕೂಗಿದರು, "ಎರಡು ನಿಮಿಷ ತಡ. ಬರ್ಕೊ." ಲಾಗ್ ಪುಸ್ತಕ ಬಿಚ್ಚಿಕೊಂಡೆ. ಆ ಇಪ್ಪತ್ತಮೂರು ಸಾಲುಗಳ ಎರಡನೆಯ ಕಾಲಂಗೆ ಅಡ್ಡಗೆರೆ ಎಳೆದು ಮುಗಿಸಲೇ ಎಂದು ಕೇಳಿದೆ. ಖಾಲಿ ಜಾಗ ಬಿಟ್ಟು ನನಗೆ ರೂಢಿಯಿಲ್ಲ.

"ಗೆರೆ ಎಳೀಬೇಡ. ಏನೂ ಬಂದಿಲ್ಲ ಅಂತ ಆಗುತ್ತೆ. ಅವಳು ಕಳಿಸಿದಾಳೆ. ನಾವು ತಗೊಳ್ಳಲಿಲ್ಲ, ಅಷ್ಟೆ."

ಆಮೇಲೆ ಎಂಟು ತಿಂಗಳು ಅವರು ನನ್ನನ್ನು ರೇಡಿಯೋ ಪರವಾನಗಿಯ ಪರೀಕ್ಷೆಗೆ ತಯಾರು ಮಾಡಿದರು. ಹೊನ್ನಾವರದ ಮಾತು ಎತ್ತಲಿಲ್ಲ, ಎತ್ತದೆಯೂ ಇರಲಿಲ್ಲ. ಉಪ್ಪಿಟ್ಟು ಮಾಡಿದ ದಿನ ಮಾತ್ರ ತಟ್ಟೆ ಮುಂದಿಟ್ಟುಕೊಂಡು ಒಮ್ಮೆ ಉದ್ದಕ್ಕೆ ಉಸಿರು ಬಿಡುತ್ತಿದ್ದರು, ಹೊನ್ನಾವರದವರು ಮಾಡುತ್ತಿದ್ದ ಹಾಗೆ. ನಾನು ಪಾಸಾದ ದಿನ ಹಿತ್ತಾಳೆಯ ಕೀಲಿಯನ್ನು ಹುಣಸೆಹಣ್ಣಿನಿಂದ ತಿಕ್ಕಿ ಹೊಳೆಯಿಸಿದ್ದರು. ಬ್ಯಾಟರಿಯ ವಿಷಯ ಮತ್ತೊಮ್ಮೆ ಹೇಳುತ್ತಾರೇನೋ ಎಂದು ಕಾದೆ. ಹೇಳಲಿಲ್ಲ.

ಕಾರ್ತೀಕದಲ್ಲಿ ಮೂರು ದಿನ ಜ್ವರ ಬಂದು ಮಿಸ್ ಹೋದರು. ಸ್ನಾನ ಮಾಡಿಸಿ ತಲೆ ಬಾಚಿದ ಹೆಂಗಸರು ಅಡ್ಡಗೆರೆಯನ್ನು ಮುಚ್ಚಲು ಎರಡು ಸಲ ಎಣ್ಣೆ ಹಚ್ಚಿದರು. ಅದು ಮುಚ್ಚಲಿಲ್ಲ. "ಇದೇನಮ್ಮ ಇದು" ಎಂದು ಒಬ್ಬರು ಕೇಳಿದರು. "ರೇಡಿಯೋದ್ದು" ಅಂದೆ.

ಮನೆಯ ಕೀಲಿಕೈ ಅರಸೀಕೆರೆಯ ಅವರ ತಮ್ಮನ ಹತ್ತಿರ ಇದೆ. ರೇಡಿಯೋ ನನಗೆ ಸೇರಬೇಕೆಂದು ಮಿಸ್ ಅವರಿಗೆ ಹೇಳಿಟ್ಟಿದ್ದರಂತೆ. ತಂತಿ ಬಿಚ್ಚಿ ತಂದು, ನಮ್ಮ ಹಿತ್ತಲಲ್ಲಿ ಕಟ್ಟಿದ್ದೇನೆ: ಈ ಕಡೆ ಎರಡು ಸೀರೆಗೆ ಒಂದು ಗಜ ಕಡಿಮೆ, ಆ ಕಡೆಯೂ ಅಷ್ಟೇ. ಬ್ಯಾಟರಿಗೆ ರೇಡಿಯೋ ಬಿಟ್ಟು ಏನೂ ಕಟ್ಟಿಲ್ಲ. ಮುಳ್ಳು ಒಂದೂವರೆ ತೋರಿಸುತ್ತದೆ, ಮಿಸ್ಸಿನ ಹಿತ್ತಲಿಗಿಂತಲೂ ಕಡಿಮೆ.

ಏಳಕ್ಕೆ ಹೆಡ್‌ಫೋನು ಹಾಕಿಕೊಂಡು ಅದೇ ಜಾಗಕ್ಕೆ ತಿರುಗಿಸುತ್ತೇನೆ. ಮೊದಲು ಎರಡು ನಿಮಿಷ ಕೇಳಬೇಕು, ಆಮೇಲೆ ಒತ್ತಬೇಕು. ಇಲ್ಲಿ ಕೂತು ಇವತ್ತಿಗೆ ನಲವತ್ತೊಂದು ಬೆಳಗಾಯಿತು. ಕೇಳಿದ್ದೇನೆ. ಇನ್ನೂ ಒತ್ತಿಲ್ಲ.